ಬೆಂಗಳೂರಿನ ಸಮ್ಮೇಳನಕ್ಕೆ ಬಂದ ವಿದೇಶಿ ಅತಿಥಿ ಹಿಂದೂಪುರ, ಕಲ್ಯಾಣದುರ್ಗಕ್ಕೂ ಬರುವುದಾದರೆ



ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಸಮ್ಮೇಳನಗಳ ಸುಗ್ಗಿ. ನವೆಂಬರ್‌ನಲ್ಲಿ ಬೆಂಗಳೂರು ಟೆಕ್ ಸಮ್ಮಿಟ್, ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ. ಇವುಗಳ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ, ಹೆಸರಘಟ್ಟ ಕಡೆಯ ಐಸಿಟಿಎಸ್ ಇಂಥ ಕಡೆಗಳಲ್ಲಿ ವರ್ಷವಿಡೀ ನಡೆಯುವ ವಿದ್ವತ್ ಸಭೆಗಳು. ಈ ಸಭೆಗಳಿಗೆ ಬರುವವರಲ್ಲಿ ನಮ್ಮ ಊರಿನವರ ಮಕ್ಕಳು, ಮೊಮ್ಮಕ್ಕಳೂ ಇರುತ್ತಾರೆ. "ಹೇಗೂ ಬೆಂಗಳೂರಿಗೆ ಬಂದಿದ್ದೇನೆ, ಎರಡು ದಿನ ಊರಿಗೂ ಬಂದು ಹೋಗುತ್ತೇನೆ, ಜೊತೆಗೆ ನನ್ನ ಸಹೋದ್ಯೋಗಿಗಳಿಬ್ಬರು ಬರುತ್ತಾರೆ" ಎಂಬ ಫೋನು ನಮ್ಮ ಸದಸ್ಯರ ಮನೆಗಳಿಗೆ ಬರುವುದು ಹೊಸದಲ್ಲ. ಆ ಫೋನು ಬಂದ ಕೂಡಲೇ ನಾವು ಸಾರಿಗೆ ಏನು, ಅಡುಗೆ ಏನು ಎಂದು ಯೋಚಿಸುತ್ತೇವೆ. ಆದರೆ ತೊಂದರೆ ಬರುವುದು ಬಹಳ ಸಲ ಬೇರೆ ಕಡೆಯಿಂದ.

ಹೋದ ಚಳಿಗಾಲದ ಒಂದು ಸಂಗತಿ ಹೇಳುತ್ತೇವೆ. ನಮ್ಮ ಸದಸ್ಯರೊಬ್ಬರ ಮಗನ ಜೊತೆ ಬಂದಿದ್ದ ಇಬ್ಬರು ವಿದೇಶಿ ಅತಿಥಿಗಳಿಗೆ ಗಡಿಯ ಊರೊಂದರಲ್ಲಿ ರಾತ್ರಿ ಹತ್ತು ಗಂಟೆಗೆ ಕೋಣೆ ಸಿಗಲಿಲ್ಲ. ಕೋಣೆ ಖಾಲಿ ಇತ್ತು, ಬಾಡಿಗೆ ಕೊಡಲು ಅವರು ಸಿದ್ಧರಿದ್ದರು. ವಿದೇಶಿ ಪಾಸ್‌ಪೋರ್ಟ್ ಕಂಡ ಕೂಡಲೇ ಲಾಡ್ಜಿನವರು "ನಮಗೆ ಆಗೋದಿಲ್ಲ ಸಾರ್" ಎಂದು ಕೈ ಮುಗಿದರು. ಎರಡನೇ ಲಾಡ್ಜಿನಲ್ಲೂ ಅದೇ ಮಾತು. ಕೊನೆಗೆ ಅವರು ಅದೇ ರಾತ್ರಿ ಕಾರು ಹತ್ತಿ ಬೆಂಗಳೂರಿಗೆ ವಾಪಸಾದರು. ಲೇಪಾಕ್ಷಿಯನ್ನೂ ನೋಡಲಿಲ್ಲ, ಅಜ್ಜಿ ಮಾಡಿಟ್ಟ ಓಳಿಗೆಯನ್ನೂ ತಿನ್ನಲಿಲ್ಲ. ಲಾಡ್ಜಿನವರು ಒರಟರೇನಲ್ಲ, ಅವರಿಗೆ ಇದ್ದದ್ದು ಕಾನೂನಿನ ಭಯ. ಆ ಕಾನೂನು ಮನೆಯಲ್ಲಿ ಅತಿಥಿಯನ್ನು ಇಳಿಸಿಕೊಳ್ಳುವ ನಮಗೂ ಅನ್ವಯಿಸುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಮೊದಲು ಅದನ್ನೇ ಬರೆಯುತ್ತೇವೆ.

ತಂಗುವುದು ಮತ್ತು 'ಫಾರ್ಮ್ ಸಿ'

ವಿದೇಶಿ ಪೌರರು ಯಾರೇ ಆಗಲಿ, ಅವರಿಗೆ ರಾತ್ರಿ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಎಲ್ಲರ ಬಾಯಲ್ಲಿ ಇದಕ್ಕೆ 'ಫಾರ್ಮ್ ಸಿ' ಎಂದೇ ಹೆಸರು. ಹೋಟೆಲು, ಲಾಡ್ಜು, ಛತ್ರ, ಹಾಸ್ಟೆಲು, ಖಾಸಗಿ ಮನೆ ಎಲ್ಲಕ್ಕೂ ಒಂದೇ ನಿಯಮ. 2025ರಲ್ಲಿ ಹಳೆಯ ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ, ಆದರೂ ತಿಳಿಸುವ ಹೊಣೆ ಹಾಗೇ ಮುಂದುವರಿದಿದೆ. ಈ ಕೆಲಸ ಈಗ ಪೂರ್ತಿ ಆನ್‌ಲೈನ್. ಅತಿಥಿಯ ಪಾಸ್‌ಪೋರ್ಟ್, ವೀಸಾ ವಿವರ, ಫೋಟೊ, ಎಲ್ಲಿಂದ ಬಂದರು, ಎಲ್ಲಿಗೆ ಹೋಗುತ್ತಾರೆ ಎಂಬಿಷ್ಟನ್ನು ತುಂಬಬೇಕು. ಹಣ ಕಟ್ಟಬೇಕಿಲ್ಲ.

ತೊಡಕು ಇರುವುದು ಒಂದೇ ಕಡೆ. ಈ ಅರ್ಜಿ ತುಂಬುವ ಮೊದಲು ಜಾಗದ ಮಾಲೀಕರು ತಮ್ಮ ಹೆಸರಿನಲ್ಲಿ ಒಂದು ಖಾತೆ ತೆರೆಯಬೇಕು, ಅದನ್ನು ಅಧಿಕಾರಿಗಳು ಒಪ್ಪಬೇಕು. ಅತಿಥಿ ಬಾಗಿಲಲ್ಲಿ ನಿಂತ ಮೇಲೆ ರಾತ್ರಿ ಹತ್ತಕ್ಕೆ ಇದು ಆಗುವ ಕೆಲಸವಲ್ಲ. ನಮ್ಮ ಊರುಗಳ ಸಣ್ಣ ಲಾಡ್ಜುಗಳಲ್ಲಿ ಹಲವು ಈ ಖಾತೆ ತೆರೆದಿರುವುದಿಲ್ಲ, ಅದಕ್ಕೇ ಕೈ ಮುಗಿಯುತ್ತಾರೆ. ಆದ್ದರಿಂದ ಸದಸ್ಯರಲ್ಲಿ ನಮ್ಮ ಮನವಿ ಇಷ್ಟು: ಕೋಣೆ ಕಾದಿರಿಸುವಾಗ ಬಾಡಿಗೆ ಕೇಳುವ ಮುಂಚೆ "ವಿದೇಶಿ ಪಾಸ್‌ಪೋರ್ಟಿನವರು ಬರುತ್ತಾರೆ, ಫಾರ್ಮ್ ಸಿ ಮಾಡುತ್ತೀರಾ?" ಎಂದು ಕೇಳಿ. "ಮಾಡುತ್ತೇವೆ" ಎಂದರೆ ಮಾತ್ರ ಮುಂದಿನ ಮಾತು. ಆನ್‌ಲೈನ್ ಬುಕಿಂಗ್ ಆಯಿತು ಎಂದ ಮಾತ್ರಕ್ಕೆ ನಂಬಬೇಡಿ, ಫೋನು ಮಾಡಿಯೇ ಕೇಳಿ. ಮನೆಯಲ್ಲೇ ಇಳಿಸಿಕೊಳ್ಳುವವರು ಕನಿಷ್ಠ ಎರಡು ವಾರ ಮುಂಚೆ ಖಾತೆಯ ಕೆಲಸ ಮುಗಿಸಿಕೊಳ್ಳಿ.

ಎಲ್ಲಿ ಕೇಳಬೇಕು ಎಂಬುದರಲ್ಲೂ ಗೊಂದಲವಿದೆ. ನಮಗೆ ಎಲ್ಲದಕ್ಕೂ ಬೆಂಗಳೂರು ಹತ್ತಿರ, ಹಾಗಾಗಿ ಬೆಂಗಳೂರಿನ ಕಚೇರಿಗೆ ಫೋನು ಮಾಡುತ್ತೇವೆ. ಅದು ಕರ್ನಾಟಕಕ್ಕೆ ಸಂಬಂಧಪಟ್ಟ ಕಚೇರಿ. ನಮ್ಮ ಕಡೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದ ಮೇಲೆ ಹಿಂದೂಪುರ, ಲೇಪಾಕ್ಷಿ, ಮಡಕಶಿರಾ, ಪೆನುಕೊಂಡ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಆ ಊರುಗಳವರಿಗೆ ಪುಟ್ಟಪರ್ತಿಯ ಎಸ್‌ಪಿ ಕಚೇರಿ. ಕಲ್ಯಾಣದುರ್ಗ, ರಾಯದುರ್ಗದವರಿಗೆ ಹಿಂದಿನಂತೆಯೇ ಅನಂತಪುರ. ಪಾವಗಡ, ಗೌರಿಬಿದನೂರಿನ ನಮ್ಮ ಸದಸ್ಯರಿಗೆ ಮಾತ್ರ ಕರ್ನಾಟಕದ ವ್ಯವಸ್ಥೆ.

ಯಾರು 'ವಿದೇಶಿ' ಎಂಬುದನ್ನೂ ಸ್ಪಷ್ಟ ಮಾಡಿಕೊಳ್ಳೋಣ. ಅಮೆರಿಕದಲ್ಲಿ ಇಪ್ಪತ್ತು ವರ್ಷ ಇದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ವಿದೇಶಿಯರಲ್ಲ, ಅವರಿಗೆ ಈ ಗೋಜಿಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ ಕಾರ್ಡ್ ಮಾಡಿಸಿಕೊಂಡವರಿಗೆ ವೀಸಾ ಬೇಡ, ಆದರೆ ಅವರ ಪಾಸ್‌ಪೋರ್ಟ್ ವಿದೇಶದ್ದೇ. ನಮ್ಮದೇ ಅಕ್ಕನ ಮಗ ಎಂದು ಸುಮ್ಮನಿರದೆ ಅವರ ವಿವರವನ್ನೂ ಸಲ್ಲಿಸುವುದೇ ಕ್ಷೇಮ. ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡ್ ಎರಡನ್ನೂ ಅವರು ಜೊತೆಯಲ್ಲೇ ಇಟ್ಟುಕೊಳ್ಳಲಿ.

ಲಾಡ್ಜು ಸಿಗದಿದ್ದರೆ ಏನು ಮಾಡುವುದು? ನಮ್ಮ ಸುತ್ತಮುತ್ತ ವಿದೇಶಿಯರನ್ನು ಕಂಡು ಅಭ್ಯಾಸವಿರುವ ಜಾಗಗಳಿವೆ. ಪುಟ್ಟಪರ್ತಿಗೆ ಹಲವು ದಶಕಗಳಿಂದ ದೇಶ ದೇಶದವರು ಬರುತ್ತಿರುವುದರಿಂದ ಅಲ್ಲಿನ ವಸತಿಗೃಹಗಳವರಿಗೆ ಈ ಅರ್ಜಿ ನಿತ್ಯದ ಕೆಲಸ. ಪೆನುಕೊಂಡ ಬಳಿಯ ಎರ್ರಮಂಚಿಯಲ್ಲಿ 2019ರಲ್ಲಿ ಕಿಯಾ ಕಾರಿನ ಕಾರ್ಖಾನೆ ಶುರುವಾದ ಮೇಲೆ ಆ ಭಾಗದಲ್ಲಿ ಕೊರಿಯಾದವರ ಓಡಾಟ ಹೆಚ್ಚಾಗಿದೆ, ಅವರಿಗೆಂದೇ ಹೆದ್ದಾರಿ ಬದಿಯಲ್ಲಿ ಹೋಟೆಲುಗಳೂ ಎದ್ದಿವೆ. ಕಲ್ಯಾಣದುರ್ಗಕ್ಕೆ ಹೋಗುವವರು ಅನಂತಪುರ ನಗರದಲ್ಲಿ ತಂಗುವುದು ವಾಸಿ. ಸ್ಪೇನ್ ಮೂಲದ ವಿಸೆಂಟ್ ಫೆರರ್ ಅವರು 1969ರಲ್ಲಿ ಕಟ್ಟಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಕಾರಣಕ್ಕೆ ಅನಂತಪುರಕ್ಕೆ ವಿದೇಶಿಯರು ಹೊಸಬರಲ್ಲ.

ವೀಸಾ ವಿಷಯ ಎರಡು ಮಾತು

ಇದು ಅತಿಥಿಗಳೇ ನೋಡಿಕೊಳ್ಳಬೇಕಾದ ವಿಷಯ, ಆದರೂ ಕೇಳುತ್ತಾರೆ. ಸಮ್ಮೇಳನಕ್ಕೆಂದು ಬರುವವರಿಗೆ ಪ್ರತ್ಯೇಕವಾಗಿ ಇ-ಕಾನ್ಫರೆನ್ಸ್ ವೀಸಾ ಇದೆ. ಆಹ್ವಾನಪತ್ರ ಮತ್ತು ಆ ಸಮ್ಮೇಳನಕ್ಕೆ ಕೇಂದ್ರ ಸರ್ಕಾರ ಕೊಟ್ಟ ಅನುಮತಿಯ ಪತ್ರ ಎರಡನ್ನೂ ಸಂಘಟಕರಿಂದ ಪಡೆದು ಅರ್ಜಿಗೆ ಲಗತ್ತಿಸಬೇಕು. ಈ ವೀಸಾ 30 ದಿನದ್ದು ಮತ್ತು ಒಂದೇ ಪ್ರವೇಶದ್ದು. ನಡುವೆ ಕೊಲಂಬೊಗೋ ಕಠ್ಮಂಡುವಿಗೋ ಹೋಗಿ ಮತ್ತೆ ಬೆಂಗಳೂರಿಗೆ ಬಂದು ವಿಮಾನ ಹತ್ತುತ್ತೇವೆ ಎನ್ನುವವರಿಗೆ ಇದನ್ನು ಮುಂಚೆಯೇ ಹೇಳಿ. 2025ರ ಅಕ್ಟೋಬರ್‌ನಿಂದ ವಿದೇಶಿ ಪೌರರು ವಿಮಾನದಲ್ಲಿ ಕಾಗದದ ಚೀಟಿ ತುಂಬುವ ಬದಲು, ಬರುವ ಮುಂಚಿನ 72 ಗಂಟೆಯೊಳಗೆ ಇ-ಅರೈವಲ್ ಕಾರ್ಡ್ ತುಂಬುವ ವ್ಯವಸ್ಥೆ ಬಂದಿದೆ. ಅದು ಉಚಿತ, ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಇನ್ನೊಂದು ತಮಾಷೆಯ ಗೊಂದಲ. ನಾವು 'ಗಡಿನಾಡು' ಎಂದು ಬರೆದದ್ದನ್ನು ಮಕ್ಕಳು ಇಂಗ್ಲಿಷಿಗೆ ತಿರುಗಿಸಿ ಸ್ನೇಹಿತರಿಗೆ ಹೇಳುತ್ತಾರೆ. ಅವರು ಸೈನ್ಯ, ಮುಳ್ಳುತಂತಿ ಎಲ್ಲ ಕಲ್ಪಿಸಿಕೊಂಡು "ಅಲ್ಲಿಗೆ ಬರಲು ವಿಶೇಷ ಪರವಾನಗಿ ಬೇಕೇ?" ಎಂದು ಕೇಳುತ್ತಾರೆ. ಇದು ಎರಡು ರಾಜ್ಯಗಳ ಗಡಿ ಮಾತ್ರ, ಜನರ ಓಡಾಟಕ್ಕೆ ಯಾವ ಪರವಾನಗಿಯೂ ಬೇಡ ಎಂದು ತಿಳಿಸಿ. ಪರವಾನಗಿ ಬೇಕಾಗುವುದು ಟ್ಯಾಕ್ಸಿಗೆ.

ಬರುವ ದಾರಿ

ವಿದೇಶದಿಂದ ಬರುವವರಿಗೆ ನಮ್ಮ ಊರಿನ ದೊಡ್ಡ ಅನುಕೂಲವೆಂದರೆ ಕೆಂಪೇಗೌಡ ವಿಮಾನ ನಿಲ್ದಾಣ ಬೆಂಗಳೂರಿನ ಉತ್ತರಕ್ಕೆ, ಅಂದರೆ ನಮ್ಮ ಕಡೆಗೇ, ದೇವನಹಳ್ಳಿಯಲ್ಲಿದೆ. ನಗರದೊಳಗೆ ಕಾಲಿಡದೆ ನೇರವಾಗಿ ನಮ್ಮಲ್ಲಿಗೆ ಬರಬಹುದು. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಓಡಾಡುತ್ತವೆ. ಕರೆದುಕೊಂಡು ಹೋಗಲು ಬರುವವರು ಹಳೆಯ ಟರ್ಮಿನಲ್ ಮುಂದೆ ಕಾಯುತ್ತಾ ಕೂರಬಾರದು.

ಕಾರಿನಲ್ಲಿ ಎರಡು ದಾರಿ. ಒಂದು, 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್‌ನಲ್ಲಿ ಎಡಕ್ಕೆ ತಿರುಗುವುದು. ಅಲ್ಲಿಂದ ಸುಮಾರು 15 ಕಿ.ಮೀ.ಗೆ ಲೇಪಾಕ್ಷಿ, ಮತ್ತೆ ಅಷ್ಟೇ ದೂರಕ್ಕೆ ಹಿಂದೂಪುರ. ಇನ್ನೊಂದು, ದೊಡ್ಡಬಳ್ಳಾಪುರ, ಗೌರಿಬಿದನೂರು ಮೂಲಕ. ರಸ್ತೆ ಕಿರಿದು, ಲಾರಿಗಳ ಕಾಟವೂ ಇದೆ. ಆದರೆ ಗೌರಿಬಿದನೂರು ದಾಟಿದ ಮೇಲೆ ಸಿಗುವ ವಿದುರಾಶ್ವತ್ಥಕ್ಕಾಗಿ ಈ ದಾರಿಯಲ್ಲಿ ಬರುವುದೂ ಒಳ್ಳೆಯದೇ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಜಾಗ ಅದು. ರಾತ್ರಿ ಇಳಿದವರಿಗೆ ಮಾತ್ರ ಹೆದ್ದಾರಿಯೇ ಸರಿ. ಎರಡರಲ್ಲೂ ಹಿಂದೂಪುರಕ್ಕೆ ಸುಮಾರು ಎರಡು, ಎರಡೂವರೆ ಗಂಟೆ.

ಟ್ಯಾಕ್ಸಿ ಮಾತಾಡುವಾಗ "ಆಂಧ್ರದೊಳಗೆ ಬರುತ್ತೀರಾ, ಪರ್ಮಿಟ್ ಇದೆಯಾ, ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ?" ಎಂದು ಮೊದಲೇ ಕೇಳಬೇಕು. ಕರ್ನಾಟಕದ ಹಳದಿ ಬೋರ್ಡಿನ ಎಲ್ಲ ಗಾಡಿಗಳಿಗೂ ಅಖಿಲ ಭಾರತ ಪರ್ಮಿಟ್ ಇರುವುದಿಲ್ಲ. ಚೆಕ್‌ಪೋಸ್ಟ್ ಹತ್ತಿರ ನಿಲ್ಲಿಸಿ "ತೆರಿಗೆ ಕಟ್ಟಬೇಕು, ಕೊಡಿ" ಎಂದರೆ ಭಾಷೆ ಗೊತ್ತಿಲ್ಲದ ಅತಿಥಿಗೆ ಅದು ಲಂಚದಂತೆ ಕಾಣುತ್ತದೆ. ನಗರದ ಆ್ಯಪ್ ಟ್ಯಾಕ್ಸಿಯಲ್ಲಿ ಒಂದೇ ಕಡೆಗೆ ಬಂದರೆ ವಾಪಸಿಗೆ ಗಾಡಿ ಹುಡುಕುವುದು ಕಷ್ಟ. ಎರಡು ದಿನಕ್ಕೆ ಒಂದೇ ಗಾಡಿ ಮಾತಾಡಿಕೊಂಡು, ಚಾಲಕರ ಊಟ ಮತ್ತು ಮಲಗುವ ಜಾಗದ ಏರ್ಪಾಡನ್ನೂ ಮಾಡಿದರೆ ಎಲ್ಲರಿಗೂ ನೆಮ್ಮದಿ.

ರೈಲನ್ನು ನಾವು ಮನಸಾರೆ ಶಿಫಾರಸು ಮಾಡುತ್ತೇವೆ. ಬೆಂಗಳೂರು–ಗುಂತಕಲ್ ಮಾರ್ಗದಲ್ಲಿ ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು ಆದ ಮೇಲೆ ಹಿಂದೂಪುರ. ರಾಜ್ಯ ಆಂಧ್ರವಾದರೂ ನಮ್ಮ ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೇ ಸೇರಿದ್ದು. ಎರಡರಿಂದ ಮೂರು ಗಂಟೆಯ ಪ್ರಯಾಣ. ತುಮಕೂರು ರಸ್ತೆಯ ಬಿಐಇಸಿಯಲ್ಲಿ ಸಮ್ಮೇಳನ ಮುಗಿಸಿದವರು ಮಾದಾವರದಲ್ಲಿ ಮೆಟ್ರೊ ಹತ್ತಿ ಅದೇ ಹಸಿರು ಮಾರ್ಗದಲ್ಲಿ ಯಶವಂತಪುರಕ್ಕೆ ಬಂದು ರೈಲು ಹಿಡಿಯಬಹುದು. ನಗರದ ಟ್ರಾಫಿಕ್ಕಿನ ಉಸಾಬರಿಯೇ ಇಲ್ಲ. ಏರೋ ಇಂಡಿಯಾಗೆ ಬಂದವರಿಗೆ ಯಲಹಂಕ ನಿಲ್ದಾಣವೇ ಹತ್ತಿರ. ಕೆಲವು ರೈಲು ಮೆಜೆಸ್ಟಿಕ್ಕಿನ ಕೆಎಸ್‌ಆರ್ ನಿಲ್ದಾಣದಿಂದ, ಕೆಲವು ಯಶವಂತಪುರದಿಂದ ಹೊರಡುತ್ತವೆ, ವೇಗದ ರೈಲುಗಳೆಲ್ಲ ಹಿಂದೂಪುರದಲ್ಲಿ ನಿಲ್ಲುವುದೂ ಇಲ್ಲ. ಆದ್ದರಿಂದ ಹೊರಡುವ ಜಾಗ ಮತ್ತು ನಿಲುಗಡೆ ಎರಡನ್ನೂ ಆ ವಾರವೇ ನೋಡಿಕೊಳ್ಳಬೇಕು. ಒಂದು ಎಚ್ಚರಿಕೆ: ವಿಮಾನ ನಿಲ್ದಾಣದ ಪಕ್ಕದಲ್ಲಿ ಒಂದು ಸಣ್ಣ ರೈಲು ನಿಲ್ದಾಣವಿದೆ. ಅದು ಚಿಕ್ಕಬಳ್ಳಾಪುರ ಮಾರ್ಗದ್ದು, ಹಿಂದೂಪುರದ್ದಲ್ಲ. ಅಲ್ಲಿ ಹತ್ತಿದವರು ಯಲಹಂಕಕ್ಕೆ ಬಂದು ರೈಲು ಬದಲಿಸಬೇಕು. ಮುಂಗಡ ಟಿಕೆಟ್ಟಿಗೆ ವಿದೇಶಿ ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆಯುವುದು ತಲೆನೋವು. ಇಷ್ಟು ಕಡಿಮೆ ದೂರಕ್ಕೆ ನಿಲ್ದಾಣದ ಕೌಂಟರಿನಲ್ಲಿ ಸಾಮಾನ್ಯ ಟಿಕೆಟ್ ಕೊಂಡು ಮೆಮು ರೈಲು ಹತ್ತುವುದೇ ಸುಲಭ. ಬೆಳಗಿನ ಮತ್ತು ಸಂಜೆಯ ನೂಕುನುಗ್ಗಲಿನ ಹೊತ್ತು ತಪ್ಪಿಸಿದರೆ ಸಾಕು.

ಬಸ್ಸಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಎರಡು ರಾಜ್ಯಗಳ ಬಸ್ಸುಗಳೂ ಇವೆ. ಹೆಂಗಸರಿಗೆ ಉಚಿತ ಎಂದು ಕೇಳಿ ಸಂತೋಷಪಡುವ ಅತಿಥಿಗಳಿಗೆ ಮಾತ್ರ, ಎರಡೂ ರಾಜ್ಯಗಳ ಆ ಯೋಜನೆ ಆಯಾ ರಾಜ್ಯದ ನಿವಾಸಿಗಳಿಗೆ, ನೀವು ಟಿಕೆಟ್ ತಗೊಳ್ಳಬೇಕು ಎಂದು ತಿಳಿಸಿ.

ಕಲ್ಯಾಣದುರ್ಗದ ಮಾತೇ ಬೇರೆ

ಹಿಂದೂಪುರ, ಕಲ್ಯಾಣದುರ್ಗ ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಎನ್ನುವ ಅತಿಥಿಗಳಿಗೆ ಬೇಡ ಎನ್ನಿ. ನಮ್ಮ ಪ್ರಕಟಣೆಗಳಲ್ಲಿ ಎರಡು ಹೆಸರೂ ಜೊತೆಜೊತೆಗೆ ಬರುವುದರಿಂದ ಪಕ್ಕಪಕ್ಕದ ಊರುಗಳೆಂದು ಭಾವಿಸುತ್ತಾರೆ. ನಡುವೆ ನೂರು ಕಿ.ಮೀ. ಆಸುಪಾಸಿನ ದಾರಿಯಿದೆ. ಪಾವಗಡದ ಮೂಲಕ ಹೋದರೆ ಆಂಧ್ರದಿಂದ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರುತ್ತೇವೆ. ತುಮಕೂರು ಜಿಲ್ಲೆಯ ಪಾವಗಡ ಮೂರು ಕಡೆಯಿಂದಲೂ ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಇಂಧನದ ವಿಷಯದ ಸಮ್ಮೇಳನಕ್ಕೆ ಬಂದವರಿಗೆ ಈ ದಾರಿಯೇ ಒಂದು ಪಾಠ. ತಿರುಮಣಿ ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು. ರಸ್ತೆಯಿಂದ ನೋಡಬಹುದು, ಒಳಗೆ ಹೋಗಲು ಮುಂಚಿತ ಅನುಮತಿ ಬೇಕು.

ಬೆಂಗಳೂರಿನಿಂದ ನೇರ ಕಲ್ಯಾಣದುರ್ಗಕ್ಕೆ ಬರುವವರು ತುಮಕೂರು, ಮಧುಗಿರಿ, ಪಾವಗಡದ ದಾರಿ ಹಿಡಿಯಬಹುದು, ಇಲ್ಲವೇ 44ನೇ ಹೆದ್ದಾರಿಯಲ್ಲಿ ಅನಂತಪುರಕ್ಕೆ ಬಂದು ಪಶ್ಚಿಮಕ್ಕೆ ಸುಮಾರು 60 ಕಿ.ಮೀ. ಬರಬಹುದು. ಎರಡನೆಯದು ಉದ್ದವಾದರೂ ಸಲೀಸು. ರಾಯದುರ್ಗ–ತುಮಕೂರು ಹೊಸ ರೈಲು ಮಾರ್ಗದಲ್ಲಿ ರಾಯದುರ್ಗದ ಕಡೆಯಿಂದ ಕಲ್ಯಾಣದುರ್ಗದವರೆಗೆ ಹಳಿ ಬಂದಿರುವುದರಿಂದ ಬಳ್ಳಾರಿ ಕಡೆಯವರಿಗೆ ರೈಲಿನ ಅನುಕೂಲವಿದೆ. ಹಂಪಿ ನೋಡಿಕೊಂಡು ಬರುವ ಅತಿಥಿಗಳಿಗೆ ಇದನ್ನು ಹೇಳಬಹುದು.

ನಕಾಶೆಯಲ್ಲಿ ಹುಡುಕುವಾಗ ಹೆಸರುಗಳು ಕಾಡುತ್ತವೆ. ರಾಯದುರ್ಗ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಹೈದರಾಬಾದಿನ ಮೆಟ್ರೊ ನಿಲ್ದಾಣ ತೋರಿಸುವುದುಂಟು. ಹೇಮಾವತಿ ಎಂದರೆ ಹಾಸನ ಜಿಲ್ಲೆಯ ಜಲಾಶಯಕ್ಕೆ ಒಯ್ಯುತ್ತದೆ. ಹಿಂದೂಪುರ ಹಿಂದೂಪುರಂ ಆಗುತ್ತದೆ, ಕಲ್ಯಾಣದುರ್ಗ ಕಲ್ಯಾಣದುರ್ಗಂ ಆಗುತ್ತದೆ. ಅತಿಥಿಗೆ ಊರಿನ ಹೆಸರು ಕಳಿಸಬೇಡಿ, ನಿಮ್ಮ ಮನೆಯ ಲೊಕೇಶನ್ ಕಳಿಸಿ. ಜೊತೆಗೆ ಕಾಗದದ ಮೇಲೆ ತೆಲುಗಿನಲ್ಲೂ ವಿಳಾಸ ಬರೆದು ಕೊಡಿ.

ಭಾಷೆ, ದುಡ್ಡು, ಊಟ

ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡ ಓದಲು ಕಲಿತವರಿಗೆ ಒಂದು ಸಂತೋಷದ ಸುದ್ದಿ. ಇಲ್ಲಿನ ಬೋರ್ಡುಗಳು ತೆಲುಗಿನಲ್ಲಿವೆ, ಆದರೆ ಎರಡು ಲಿಪಿಗಳ ಮೂಲ ಒಂದೇ. ತಲಕಟ್ಟಿನ ಆಕಾರ ಬೇರೆ, ಕ, ತ, ಶ, ಹ ಮುಂತಾದ ಕೆಲವು ಅಕ್ಷರಗಳು ಬೇರೆ. ಅಷ್ಟನ್ನು ರೈಲಿನಲ್ಲಿ ಕೂತು ಒಂದು ಗಂಟೆ ಅಭ್ಯಾಸ ಮಾಡಿದರೆ ಬಸ್ಸಿನ ಬೋರ್ಡು ಓದಬಹುದು. ಅಂಗಡಿ, ಆಟೊ ಎಲ್ಲ ಕಡೆ ಕನ್ನಡವೂ ನಡೆಯುತ್ತದೆ. ಅಣ್ಣ, ಅಕ್ಕ ಎಂಬೆರಡು ಮಾತು ಎರಡು ಭಾಷೆಗೂ ಸಾಕು.

ದುಡ್ಡಿನ ವಿಷಯದಲ್ಲಿ ಬೆಂಗಳೂರಿನ ಅನುಭವ ಇಲ್ಲಿ ಕೆಲಸಕ್ಕೆ ಬಾರದು. ಸಣ್ಣ ಅಂಗಡಿಗಳಲ್ಲಿ ವಿದೇಶಿ ಕಾರ್ಡ್ ಉಜ್ಜುವ ಯಂತ್ರ ಇರುವುದಿಲ್ಲ. ಎಲ್ಲರ ಮುಂದೆಯೂ ಕ್ಯೂಆರ್ ಕೋಡ್ ಇದೆ, ಆದರೆ ಅತಿಥಿಯ ಬಳಿ ಯುಪಿಐ ಇರುವುದಿಲ್ಲ. ವಿದೇಶಿ ಪ್ರವಾಸಿಗರಿಗೆಂದೇ ಮಾಡಿರುವ ಯುಪಿಐ ವ್ಯಾಲೆಟ್ ಸೌಲಭ್ಯವನ್ನು ಬೆಂಗಳೂರಿನಲ್ಲೇ ಪಾಸ್‌ಪೋರ್ಟ್ ತೋರಿಸಿ ಮಾಡಿಸಿಕೊಂಡು ಬರಬಹುದು. ಇಲ್ಲದಿದ್ದರೆ ಅಲ್ಲೇ ರೂಪಾಯಿ ಬದಲಿಸಿಕೊಂಡು, 100 ಮತ್ತು 200ರ ನೋಟುಗಳಲ್ಲಿ ತರಲಿ. ಸಿಮ್ ಕಾರ್ಡನ್ನೂ ವಿಮಾನ ನಿಲ್ದಾಣದಲ್ಲೇ ತಗೊಳ್ಳಬೇಕು. ನಮ್ಮ ಊರಿನ ಅಂಗಡಿಗಳಲ್ಲಿ ವಿದೇಶಿ ಪಾಸ್‌ಪೋರ್ಟಿಗೆ ಸಿಮ್ ಕೊಡಿಸಲು ಹೋದರೆ ಅರ್ಧ ದಿನ ಹೋಗುತ್ತದೆ.

ಊಟದಲ್ಲಿ ಖಾರಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. ಅನಂತಪುರ ಸೀಮೆ ಎಂದರೆ ಕಡಲೆಕಾಯಿ ಸೀಮೆ. ನಮ್ಮ ಎಣ್ಣೆ ಅದರದ್ದು, ಚಟ್ನಿ ಅದರದ್ದು, ಪುಡಿ ಅದರದ್ದು, ಉಗ್ಗಾಣಿಯ ಮೇಲೆ ಉದುರಿಸುವುದೂ ಅದೇ. ಹೊರದೇಶದವರಲ್ಲಿ ಕೆಲವರಿಗೆ ಕಡಲೆಕಾಯಿ ಮೈಗೆ ಆಗದು. ತುರಿಕೆಯಲ್ಲಿ ಮುಗಿಯುವ ಮಾತಲ್ಲ ಅದು, ಉಸಿರು ಕಟ್ಟಿ ಪ್ರಾಣಕ್ಕೇ ಬರಬಹುದು. ಅವರು ಮೊದಲೇ ಹೇಳಿದಾಗ "ಒಂಚೂರು ತಿಂದರೆ ಏನೂ ಆಗಲ್ಲ, ನಮ್ಮ ತೋಟದ್ದು" ಎಂದು ಒತ್ತಾಯ ಮಾಡುವುದು ನಮ್ಮ ಹಿರಿಯರ ಪ್ರೀತಿಯ ಅಭ್ಯಾಸ. ದಯವಿಟ್ಟು ಮಾಡಬೇಡಿ. ಅಡುಗೆಗೆ ಬೇರೆ ಎಣ್ಣೆ, ಬೇರೆ ಬಾಣಲೆ ಬಳಸಿ. ಹೋಟೆಲಿನಲ್ಲಿ ಕೇಳುವಾಗ ಒಂದು ಹೆಸರು ಸಾಲದು. ನಮ್ಮಲ್ಲಿ ಕಡಲೆಕಾಯಿ, ಬಳ್ಳಾರಿ ಕಡೆ ಶೇಂಗಾ, ತೆಲುಗಿನಲ್ಲಿ ವೇರುಶನಗ, ಹಳ್ಳಿಯ ಬಾಯಲ್ಲಿ ಶನಕ್ಕಾಯಲು. ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಅತಿಥಿಯ ಜೇಬಿನಲ್ಲಿಡಿ. ಅವರು ತಮ್ಮ ತುರ್ತು ಚುಚ್ಚುಮದ್ದನ್ನು ಕಾರಿನಲ್ಲಿ ಬಿಡದೆ ಕೈಯಲ್ಲೇ ಇಟ್ಟುಕೊಳ್ಳಲಿ. ಮಿಕ್ಕಂತೆ ಮುದ್ದೆ, ಉಗ್ಗಾಣಿ-ಬಜ್ಜಿ, ಓಳಿಗೆ ಧಾರಾಳವಾಗಿ ಬಡಿಸಿ. ಕುಡಿಯಲು ಕುದಿಸಿ ಆರಿಸಿದ ನೀರು ಅಥವಾ ಸೀಲ್ ಮಾಡಿದ ಬಾಟಲಿ.

ದೇಶದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತೇವೆ ಎಂದರೆ ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಮನೆಯಲ್ಲೇ ಕೂರಿಸಿ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತಿಗೆ ಒಂದು ಸ್ವೆಟರ್ ಬೇಕಾದೀತು.

ಏನು ತೋರಿಸುವುದು

ಲೇಪಾಕ್ಷಿಯನ್ನು ಯಾರೂ ಬಿಡುವುದಿಲ್ಲ. 16ನೇ ಶತಮಾನದಲ್ಲಿ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ. ಏಕಶಿಲಾ ನಂದಿಯೊಂದಿಗೆ ಅದು 2022ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೆ ಸೇರಿತು. ಮಾರ್ಗದರ್ಶಿಗಳು ತೂಗುಕಂಬದ ಕೆಳಗೆ ಬಟ್ಟೆ ತೂರಿಸಿ ತೋರಿಸಿ ಮುಗಿಸಿಬಿಡುತ್ತಾರೆ. ನೀವು ಜೊತೆಗಿದ್ದರೆ ಚಾವಣಿಯ ಚಿತ್ರಗಳನ್ನೂ ಅಲ್ಲಿನ ಕನ್ನಡ ಶಾಸನಗಳನ್ನೂ ತೋರಿಸಿ. ಆಂಧ್ರದ ಗುಡಿಯಲ್ಲಿ ಕನ್ನಡ ಅಕ್ಷರ ಕಂಡಾಗ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಹೋದರೆ ನಮ್ಮ ಇತಿಹಾಸವೇ ಹೇಳಿದಂತಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ. ಬಂಡೆಯ ಮೇಲಿನ ಗುಡಿ, ಬಿಸಿಲೇರಿದರೆ ಬರಿಗಾಲಿನಲ್ಲಿ ನಡೆಯಲಾಗುವುದಿಲ್ಲ. ಕಾಲುಚೀಲ ತರಲು ಹೇಳಿ.

ಇತಿಹಾಸದ ವಿದ್ವಾಂಸರಾದರೆ ಮಡಕಶಿರಾ ದಾಟಿ ಹೇಮಾವತಿಗೆ ಕರೆದೊಯ್ಯಿರಿ. ಶಾಸನಗಳ ಹೆಂಜೇರು ಇದೇ, ನೊಳಂಬರ ರಾಜಧಾನಿ. ಲೇಪಾಕ್ಷಿಯ ಜನಜಂಗುಳಿ ಅಲ್ಲಿಲ್ಲ. ದೊಡ್ಡೇಶ್ವರ ಗುಡಿಯ ಜಾಲಂಧ್ರಗಳ ಮುಂದೆ ಅರ್ಧ ಗಂಟೆ ಕೂರಬಹುದು. ನಮ್ಮನ್ನು ಕೇಳಿದರೆ, ಒಂದೇ ಜಾಗಕ್ಕೆ ಸಮಯವಿದೆ ಎನ್ನುವ ಕನ್ನಡಿಗರಿಗೆ ಲೇಪಾಕ್ಷಿಗಿಂತ ಮೊದಲು ಹೇಮಾವತಿಯನ್ನೇ ಹೇಳುತ್ತೇವೆ. ಕಲ್ಯಾಣದುರ್ಗದ ಕಡೆ ಮುದಿಗಲ್ಲಿನ ಬೃಹತ್ ಶಿಲಾ ಸಮಾಧಿಗಳಿವೆ, ರಾಯದುರ್ಗದ ಕೋಟೆಯಿದೆ. ಅಲ್ಲಿಂದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರದ ಅಶೋಕನ ಶಾಸನಗಳೂ ದೂರವಿಲ್ಲ. ಸಂಗೀತ ಬಲ್ಲವರಿಗೆ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಕಲಿಸಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಹುಟ್ಟೂರು ಇದೇ ಸೀಮೆಯದು ಎಂದು ಹೇಳಿದರೆ ಕಣ್ಣರಳಿಸುತ್ತಾರೆ.

ಕೆಲವು ಅತಿಥಿಗಳು ಕನ್ನಡ ಮಾಧ್ಯಮ ಶಾಲೆ ನೋಡಬೇಕು ಎನ್ನುತ್ತಾರೆ. ಮುಖ್ಯೋಪಾಧ್ಯಾಯರಿಗೆ ಮುಂಚೆ ಹೇಳಿ ಕರೆದೊಯ್ಯಿರಿ, ಮಕ್ಕಳ ಫೋಟೊ ಕೇಳದೆ ತೆಗೆಯಬಾರದು. ಶಾಲೆಯ ಸ್ಥಿತಿ ಕಂಡು ಮನಸ್ಸು ಕರಗಿ ಅಲ್ಲೇ ಚೀಲದಿಂದ ಡಾಲರ್ ತೆಗೆಯುತ್ತಾರೆ. ಅಲ್ಲಿ ನಾವು ಗಟ್ಟಿ ಮನಸ್ಸು ಮಾಡಬೇಕು. ವಿದೇಶಿ ಪೌರರಿಂದ ಸಂಘ ಸಂಸ್ಥೆಗಳು ದೇಣಿಗೆ ಪಡೆಯಲು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು. ಹಣ ಬರಬೇಕಾದದ್ದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತುಪಡಿಸಿದ ಖಾತೆಗೇ. ಅತಿಥಿ ರೂಪಾಯಿಯಲ್ಲಿ ಕೊಟ್ಟರೂ ಇದೇ ನಿಯಮ, ಒಸಿಐ ಕಾರ್ಡಿನವರಿಗೂ ಇದೇ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ತಮ್ಮ ದುಡಿಮೆಯ ಹಣ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಈ ವ್ಯತ್ಯಾಸ ತಿಳಿಯದೆ ಐದು ಸಾವಿರ ರೂಪಾಯಿಗೆ ರಸೀದಿ ಹರಿದರೂ ಸಂಘದ ನೋಂದಣಿಗೇ ಕುತ್ತು ಬರಬಹುದು. ಖಜಾಂಚಿಗಳು ವಿಶೇಷವಾಗಿ ಗಮನಿಸಬೇಕು.

ತುರ್ತು ಹೊತ್ತಿನಲ್ಲಿ

ಎರಡೂ ರಾಜ್ಯಗಳಲ್ಲಿ ಪೊಲೀಸರಿಗೆ 112, ಆಂಬುಲೆನ್ಸಿಗೆ 108. ಹಿಂದೂಪುರದಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆಯಿದೆ. ಪಾಸ್‌ಪೋರ್ಟ್ ಕಳೆದರೆ ಕಳೆದ ಜಾಗದ ಠಾಣೆಯಲ್ಲೇ ದೂರು ಕೊಡಬೇಕು. ಕಳೆದದ್ದು ಲೇಪಾಕ್ಷಿಯಲ್ಲಾದರೆ ಬೆಂಗಳೂರಿನ ಠಾಣೆಗೆ ಹೋಗಿ ಪ್ರಯೋಜನವಿಲ್ಲ. ಆ ದೂರಿನ ಪ್ರತಿ ಹಿಡಿದು ತಮ್ಮ ದೇಶದ ದೂತಾವಾಸವನ್ನು ಕೇಳಬೇಕು. ಆಂಧ್ರಪ್ರದೇಶ ಅಮೆರಿಕದ ಹೈದರಾಬಾದ್ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಅತಿಥಿ ಬಂದ ದಿನವೇ ಅವರ ಪಾಸ್‌ಪೋರ್ಟ್, ವೀಸಾ ಪುಟಗಳ ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಂಡರೆ ಫಾರ್ಮ್ ಸಿಗೂ ಆಯಿತು, ಇಂಥ ಹೊತ್ತಿಗೂ ಆಯಿತು.

ವಾಪಸು ಹೊರಡುವಾಗ ವಿಮಾನದ ಹೊತ್ತಿಗೆ ಆರು ಗಂಟೆ ಮುಂಚೆ ಹಿಂದೂಪುರ ಬಿಟ್ಟರೆ ಸಾಕು, ಕಲ್ಯಾಣದುರ್ಗದಿಂದಾದರೆ ಒಂಬತ್ತು ಗಂಟೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮುಂಚೆ ಟರ್ಮಿನಲ್‌ನಲ್ಲಿರಬೇಕು ಎಂಬುದನ್ನು ಸೇರಿಸಿಯೇ ಈ ಲೆಕ್ಕ. ಕಟ್ಟಿಕೊಡುವ ಉಪ್ಪಿನಕಾಯಿ, ತುಪ್ಪದ ಡಬ್ಬಿಗಳು ಕೈಚೀಲದಲ್ಲಿ ಇರಬಾರದು, ತಪಾಸಣೆಯಲ್ಲಿ ತೆಗೆದಿಡುತ್ತಾರೆ. ಚೆಕ್-ಇನ್ ಮಾಡುವ ಪೆಟ್ಟಿಗೆಯಲ್ಲೇ ಇಡಲು ಹೇಳಿ.